ಮರಳಿಗೊಬ್ಬ ಗಿರಾಕಿ

ಕೆಲವು ಕೃತಿಗಳು ತಮ್ಮ ಗುಣದಿಂದ ಪ್ರಸಿದ್ಧಿಗೆ ಬರುತ್ತವೆ. ಮತ್ತೆ ಕೆಲವು, ತಮ್ಮನ್ನು ಕುರಿತು ಯಾರು ಬೇಕಾದರೂ ಒಂದು ಗಂಟೆಯ ಕಾಲ ಗಂಭೀರವಾಗಿ ಮಾತನಾಡಬಹುದೆಂಬ ಅನುಕೂಲದಿಂದ. ಹಿರೋಷಿ ತೆಶಿಗಹಾರ 1964ರಲ್ಲಿ ತೆಗೆದ ‘ಸುನಾ ನೊ ಒನ್ನಾ’, ಎಂದರೆ ಮರಳುದಿಣ್ಣೆಯ ಹೆಂಗಸು, ಮೊದಲನೆಯ ವರ್ಗಕ್ಕೆ ಸೇರಬೇಕಾಗಿದ್ದ ಚಿತ್ರ. ದುರದೃಷ್ಟವಶಾತ್ ಎರಡನೆಯದರಲ್ಲಿ ಸಿಕ್ಕಿಕೊಂಡಿದೆ. ಆ ವರ್ಷ ಕಾನ್ ಚಿತ್ರೋತ್ಸವದಲ್ಲಿ ತೀರ್ಪುಗಾರರ ವಿಶೇಷ ಪ್ರಶಸ್ತಿ, ಅನಂತರ ಆಸ್ಕರಿನ ವಿದೇಶೀ ಚಿತ್ರಗಳ ಪಟ್ಟಿಯಲ್ಲಿ ಸ್ಥಾನ, ಮರುವರ್ಷ ಅದೇ ಆಸ್ಕರಿನ ನಿರ್ದೇಶಕರ ಪಟ್ಟಿಯಲ್ಲಿ ತೆಶಿಗಹಾರನ ಹೆಸರು: ಇವೆಲ್ಲ ಚಿತ್ರಾಸಕ್ತರಿಗೆ ತಿಳಿದ ವಿಷಯಗಳೇ. ಅಂದಿನಿಂದ ಇಂದಿನವರೆಗೆ ಈ ಚಿತ್ರವನ್ನು ಹೊಗಳುವವರು ಯಾವ ಕಾರಣಕ್ಕಾಗಿ ಹೊಗಳುತ್ತ ಬಂದಿರುವರೋ ಆ ಕಾರಣವೇ ನನ್ನ ಆಕ್ಷೇಪಣೆಗೆ ಮೂಲ. ಪ್ರಶಂಸೆ ಹೆಚ್ಚಾಯಿತೆಂಬುದು ನನ್ನ ದೂರಿನ ಅರ್ಧಭಾಗ. ಅದು ಸಲ್ಲಬೇಕಾದ ಕಡೆಗೆ ಸಲ್ಲಲಿಲ್ಲವೆಂಬುದು ಉಳಿದರ್ಧ.

ಕಥೆಯನ್ನು ಬಲ್ಲವರ ಮುಂದೆ ಅದನ್ನು ವಿಸ್ತರಿಸುವುದು ಕಾಲಹರಣ. ಪಟ್ಟಣದ ಶಾಲಾಮಾಸ್ತರನೊಬ್ಬ, ರಜೆಯಲ್ಲಿ ಕೀಟಗಳನ್ನು ಹಿಡಿಯಲೆಂದು ಕಡಲಂಚಿನ ಮರಳುದಿಣ್ಣೆಗಳಿಗೆ ಬರುತ್ತಾನೆ. ಕಡೆಯ ಬಸ್ಸು ಹೋಗಿಬಿಡುತ್ತದೆ. ಊರಿನವರು ಅವನನ್ನು ರಾತ್ರಿ ತಂಗುವುದಕ್ಕೆಂದು ಹಗ್ಗದ ಏಣಿಯಿಂದ ಆಳವಾದ ಗುಂಡಿಯೊಂದರ ತಳದಲ್ಲಿರುವ ವಿಧವೆಯ ಮನೆಗೆ ಇಳಿಸುತ್ತಾರೆ. ಬೆಳಗಾದ ಮೇಲೆ ನೋಡಿದರೆ ಏಣಿ ಇಲ್ಲ. ಎಡೆಬಿಡದೆ ಸುರಿಯುವ ಮರಳನ್ನು ರಾತ್ರಿಯೆಲ್ಲ ತೋಡಿ ಮೇಲಕ್ಕೆ ಕಳುಹಿಸದಿದ್ದರೆ ಆ ಮನೆ ಮುಚ್ಚಿಹೋಗುವುದು, ಅದರ ಹಿಂದೆ ನೆರೆಮನೆ, ಅದರ ಹಿಂದೆ ಊರು; ಕಳುಹಿಸಿದರೆ ಮೇಲಿನಿಂದ ನೀರೂ ಆಹಾರವೂ ಸಿಗರೇಟೂ ಇಳಿದುಬರುವುವು. ಮಾಸ್ತರ ಕೂಗಾಡುತ್ತಾನೆ, ಹೆಂಗಸನ್ನು ಕಟ್ಟಿಹಾಕುತ್ತಾನೆ, ಒಮ್ಮೆ ಹತ್ತಿ ಓಡುತ್ತಾನೆ, ಹುದುಲು ಮರಳಿನಲ್ಲಿ ಹೂತು ತನ್ನನ್ನು ಹಿಡಿಯಬಂದವರನ್ನೇ ಕಾಪಾಡಿರೆಂದು ಬೇಡುತ್ತಾನೆ. ಕಡೆಗೊಂದು ದಿನ ಏಣಿ ತಾನಾಗಿ ತೂಗುತ್ತಿದ್ದರೂ ಹೋಗದೆ ಉಳಿಯುತ್ತಾನೆ. ಕಾದಂಬರಿ ಕೋಬೋ ಅಬೆಯದು, 1962ರದು; ಚಿತ್ರಕಥೆಯನ್ನೂ ಅವನೇ ಬರೆದ. ಛಾಯಾಗ್ರಹಣ ಹಿರೋಷಿ ಸೆಗಾವನದು, ಸಂಗೀತ ತೋರು ತಾಕೆಮಿತ್ಸುವಿನದು. ಮಾಸ್ತರನಾಗಿ ಎಯ್ಜಿ ಒಕಾಡ, ಹೆಂಗಸಾಗಿ ಕ್ಯೋಕೊ ಕಿಷಿದ.

ಇಷ್ಟು ಸಾಮಗ್ರಿಯನ್ನು ಕಂಡೊಡನೆ ವಿಮರ್ಶಕನ ನಾಲಗೆಯ ಮೇಲೆ ಬಂದು ನಿಲ್ಲುವ ಹೆಸರು ಸಿಸಿಫಸನದು. ಅಮೆರಿಕದ ರೋಜರ್ ಎಬರ್ಟ್ ಹಾಗೆಂದ. ಅವನಿಗಿಂತ ಮೊದಲೂ ಅನಂತರವೂ ಹಾಗೆಂದವರನ್ನು ಎಣಿಸಿ ಪೂರೈಸುವುದು ಕಷ್ಟ. ಆಲ್ಬೆರ್ ಕಾಮೂ 1942ರಲ್ಲಿ ಆ ಗ್ರೀಕ್ ಪುರಾಣಪುರುಷನಿಗೆ ಹೊಸ ಜೀವ ಕೊಟ್ಟಮೇಲೆ, ಒಂದೇ ಕೆಲಸವನ್ನು ಎರಡು ಬಾರಿ ಮಾಡುವ ಯಾವ ಪಾತ್ರವೂ ಅವನ ವಂಶಕ್ಕೆ ದತ್ತುಹೋಗದೆ ಉಳಿದಿಲ್ಲ. ನಮ್ಮಲ್ಲಿಯೂ ನವ್ಯದ ಉತ್ಸಾಹದ ದಿನಗಳಲ್ಲಿ ಕಾಮೂ ಕಾಫ್ಕಾರ ಹೆಸರುಗಳು ಮಾತಿಗೊಮ್ಮೆ ಬರುತ್ತಿದ್ದುವು. ಅಸಂಗತ, ಅಸ್ತಿತ್ವ, ಪರಕೀಯತೆ ಎಂಬ ಮೂರು ಪದಗಳನ್ನು ಕೈಯಲ್ಲಿ ಹಿಡಿದವನಿಗೆ ತೆರೆಯದ ಬಾಗಿಲೇ ಇರಲಿಲ್ಲ. ಆ ಪದಗಳ ಮೇಲೆ ನನಗೆ ಹಗೆಯೇನೂ ಇಲ್ಲ. ಆದರೆ ಬಾಗಿಲು ಅಷ್ಟು ಸುಲಭವಾಗಿ ತೆರೆದುಕೊಂಡಾಗ, ನಾವು ಹೊಕ್ಕದ್ದು ನಿಜವಾಗಿ ಅದೇ ಮನೆಯೋ ಪಕ್ಕದ ಮನೆಯೋ ಎಂದು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಸಿಸಿಫಸನಿಗೆ ಶಿಕ್ಷೆ ಕೊಟ್ಟವರು ದೇವತೆಗಳು. ಈ ಮಾಸ್ತರನಿಗೆ ಕೊಟ್ಟವರು ಒಂದು ಊರಿನ ಜನ, ಅದೂ ದ್ವೇಷದಿಂದಲ್ಲ, ಆಳುಗಳ ಅಭಾವದಿಂದ. ಸಿಸಿಫಸ್ ಒಂಟಿ, ಇಲ್ಲಿ ಇಬ್ಬರಿದ್ದಾರೆ, ಅವರಲ್ಲಿ ಒಬ್ಬಳು ಈತನಿಗಿಂತ ಬಹಳ ಮೊದಲಿನಿಂದ ತೋಡುತ್ತಿದ್ದಾಳೆ. ಸಿಸಿಫಸನ ಬಂಡೆ ಎಲ್ಲಿಂದ ಹೊರಟಿತೋ ಅಲ್ಲಿಗೇ ಉರುಳಿಬರುತ್ತದೆ. ಈ ಮರಳು ಮೇಲೆ ಹೋದದ್ದು ಮತ್ತೆ ಅದೇ ಗುಂಡಿಗೆ ಬರುವುದಿಲ್ಲ. ಅದು ಬೇರೊಂದು ಕಡೆಗೆ ಹೋಗುತ್ತದೆ. ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಯನ್ನು ಚಿತ್ರದ ನಾಯಕನೇ ಕೇಳುತ್ತಾನೆ, ಹೆಂಗಸು ಉತ್ತರವನ್ನೂ ಕೊಡುತ್ತಾಳೆ. ನಮ್ಮ ಸಿಸಿಫಸ್ ಪಂಥದವರು ಮಾತ್ರ ಆ ಹೊತ್ತಿಗೆ ಬೆಟ್ಟದ ತುದಿಯನ್ನು ನೋಡುತ್ತಿದ್ದುದರಿಂದ ಅದನ್ನು ಕೇಳಿಸಿಕೊಂಡಂತೆ ತೋರುವುದಿಲ್ಲ.

ಆ ಸಂಭಾಷಣೆಯ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು. ಊರಿನವರು ಈ ಮರಳನ್ನು ಕಟ್ಟಡದ ಕೆಲಸದವರಿಗೆ ಗುಟ್ಟಾಗಿ, ಅಗ್ಗದ ಬೆಲೆಗೆ ಮಾರುತ್ತಾರೆಂದು ಹೆಂಗಸು ಹೇಳುತ್ತಾಳೆ. ಮಾಸ್ತರ ಬೆಚ್ಚುತ್ತಾನೆ. ಕಡಲಿನ ಮರಳು ಉಪ್ಪಿನದು, ಅದನ್ನು ಕಾಂಕ್ರೀಟಿಗೆ ಬೆರಸಿದರೆ ಕಟ್ಟಿದ್ದು ನಿಲ್ಲದು, ಅದಕ್ಕಾಗಿಯೇ ಕಾನೂನಿದೆ, ಇದು ಅಪರಾಧ. ಹೆಂಗಸಿನ ಉತ್ತರ ಚಿಕ್ಕದು: ಬೇರೆಯವರ ಪಾಡು ಏನಾದರೆ ನಮಗೇನು ಎಂಬುದು ಅದರ ತಾತ್ಪರ್ಯ. ಮಾತು ಬರುತ್ತದೆ, ಹೋಗುತ್ತದೆ. ಚಿತ್ರ ಮತ್ತೆ ಅದರ ಕಡೆಗೆ ತಿರುಗಿ ನೋಡುವುದಿಲ್ಲ. ನನ್ನ ಮಟ್ಟಿಗೆ ಎರಡು ಗಂಟೆ ಇಪ್ಪತ್ತೇಳು ನಿಮಿಷಗಳ ಈ ಚಿತ್ರದಲ್ಲಿ ಇದಕ್ಕಿಂತ ಭಾರವಾದ ಮಾತು ಮತ್ತೊಂದಿಲ್ಲ.

ಭಾರವೇಕೆಂದರೆ, ಅಲ್ಲಿಯವರೆಗೆ ನಾವು ಕಂಡಿದ್ದುದೆಲ್ಲ ಆ ಒಂದು ಮಾತಿನಿಂದ ಬುಡಮೇಲಾಗುತ್ತದೆ. ಚಿತ್ರದ ಆರಂಭದಲ್ಲಿ ಊರಿನ ಮುದುಕನೊಬ್ಬ ಮಾಸ್ತರನ ಬಳಿ ಬಂದು, ನೀವು ಸರ್ಕಾರದ ಕಡೆಯಿಂದ ತನಿಖೆಗೆ ಬಂದವರೋ ಎಂದು ವಿಚಾರಿಸುತ್ತಾನೆ. ಅಲ್ಲ, ನಾನು ಉಪಾಧ್ಯಾಯ ಎಂದು ತಿಳಿದಮೇಲೆ ಅವನ ಮುಖದಲ್ಲಿ ನೆಮ್ಮದಿ. ಮೊದಲ ಸಲ ನೋಡುವಾಗ ಇದು ಹಳ್ಳಿಗನ ಸಹಜವಾದ ಕುತೂಹಲವೆಂದು ದಾಟಿಹೋಗುತ್ತೇವೆ. ಉಪ್ಪು ಮರಳಿನ ವ್ಯಾಪಾರವನ್ನು ಕೇಳಿದಮೇಲೆ ಆ ಪ್ರಶ್ನೆಯ ಬಣ್ಣವೇ ಬೇರೆ. ಮುದುಕ ಅಳೆದದ್ದು ಅಪಾಯವನ್ನು. ಅಪಾಯವಿಲ್ಲವೆಂದು ಖಚಿತವಾದ ಮೇಲೆ ಅಳೆದದ್ದು ಎರಡು ತೋಳುಗಳನ್ನು. ಹರೆಯದವರು ಊರುಬಿಟ್ಟು ಪಟ್ಟಣ ಸೇರುತ್ತಿರುವ ಕಾಲ, ತೋಡುವ ಕೈಗಳಿಲ್ಲ, ಬಂದ ಪರಸ್ಥಳದವನನ್ನು ಹಿಡಿದಿಟ್ಟುಕೊಳ್ಳುವುದು ಈ ಊರಿನ ಒಂದು ಪದ್ಧತಿಯೇ ಆಗಿದೆ. ಕಾದಂಬರಿಯಲ್ಲಿ ಚಿತ್ರವಿರುವ ಅಂಚೆಕಾರ್ಡುಗಳನ್ನು ಮಾರಲು ಬಂದವನೊಬ್ಬನೂ ವಿದ್ಯಾರ್ಥಿಯೊಬ್ಬನೂ ಈ ಮೊದಲೇ ಹೀಗೆ ಸಿಕ್ಕಿಬಿದ್ದವರೆಂಬ ಪ್ರಸ್ತಾಪವಿದೆ. ಇದಕ್ಕೆ ದೇವತೆಗಳ ಶಾಪವನ್ನು ಕರೆತರುವ ಅಗತ್ಯವೇನು? ಇದು ಬಂಡವಾಳವಿಲ್ಲದ ಒಂದು ಊರು, ತನ್ನ ನಾಶವನ್ನೇ ಸರಕಾಗಿ ಮಾಡಿಕೊಂಡು, ಅದನ್ನು ಮಾರಿ ಬದುಕುತ್ತಿರುವ ಕಥೆ. ಮರಳು ಅವರ ಮೃತ್ಯುವೂ ಹೌದು, ಅವರ ಫಸಲೂ ಹೌದು.

ಆ ಫಸಲಿನ ಗಿರಾಕಿ ಯಾರು? ಮಾಸ್ತರ ಯಾವ ಪಟ್ಟಣದಿಂದ ಬಂದನೋ ಆ ಪಟ್ಟಣವೇ. 1964 ಎಂದರೆ ಟೋಕಿಯೊ ಒಲಿಂಪಿಕ್ಸಿನ ವರ್ಷ. ಹೊಸ ವೇಗದ ರೈಲು ಓಡಲು ಮೊದಲಾದ ವರ್ಷ. ರಾಜಧಾನಿಯಲ್ಲಿ ಎತ್ತಿದ ರಸ್ತೆಗಳೂ ಕ್ರೀಡಾಂಗಣಗಳೂ ಹೋಟೆಲುಗಳೂ ಒಂದರ ಹಿಂದೊಂದು ಏಳುತ್ತಿದ್ದ ಕಾಲ. ಚಿತ್ರ ಆ ವರ್ಷದ ಫೆಬ್ರವರಿಯಲ್ಲಿ ತೆರೆಕಂಡಿತು, ಒಲಿಂಪಿಕ್ ಜ್ಯೋತಿ ಅಕ್ಟೋಬರಿನಲ್ಲಿ ಹೊತ್ತಿತು. ಅಂದಿನ ಜಪಾನೀ ಪ್ರೇಕ್ಷಕನಿಗೆ ಕಾಂಕ್ರೀಟೆಂಬುದು ಕೇವಲ ಒಂದು ಕಟ್ಟಡಸಾಮಗ್ರಿಯಾಗಿರಲಿಲ್ಲ, ರಾಷ್ಟ್ರದ ಪುನರ್ಜನ್ಮದ ಸಾಕ್ಷಿಯಾಗಿತ್ತು. ಆ ಕಾಂಕ್ರೀಟಿನೊಳಗೆ ಕಬ್ಬಿಣವನ್ನು ತಿನ್ನುವ ಉಪ್ಪನ್ನು ಒಬ್ಬ ಗುಂಡಿಯ ಹೆಂಗಸು ರಾತ್ರಿರಾತ್ರಿ ತೋಡಿ ಕಳುಹಿಸುತ್ತಿದ್ದಾಳೆ, ಅವಳ ಜೊತೆಯಲ್ಲಿ ಆ ಪಟ್ಟಣದ ಉಪಾಧ್ಯಾಯನೇ ಗುದ್ದಲಿ ಹಿಡಿದು ನಿಂತಿದ್ದಾನೆ! ಇಂಥ ಕಟುವಾದ ವ್ಯಂಗ್ಯ ಅಬೆಗೆ ಆಕಸ್ಮಿಕವಾಗಿ ಹೊಳೆದದ್ದೆಂದು ನಾನು ನಂಬಲಾರೆ. ಅವನು ಮಂಚೂರಿಯದಲ್ಲಿ ಬೆಳೆದು, ವೈದ್ಯಶಾಸ್ತ್ರ ಓದಿ, ವೈದ್ಯನಾಗದೆ ಬರಹಗಾರನಾದವನು, ಜಪಾನಿನ ಕಮ್ಯುನಿಸ್ಟ್ ಪಕ್ಷದಲ್ಲಿದ್ದು ಈ ಕಾದಂಬರಿ ಬಂದ ವರ್ಷವೇ ಅಲ್ಲಿಂದ ಉಚ್ಚಾಟಿತನಾದವನು. ಹಳ್ಳಿಯ ಒಗ್ಗಟ್ಟೆಂಬುದು ಎಷ್ಟು ನಿರ್ದಯವಾದ ಯಂತ್ರವಾಗಬಲ್ಲುದು, ಪಟ್ಟಣದ ನೀತಿಯೆಂಬುದು ಎಷ್ಟು ಬೇಗ ಉದುರಿಹೋಗಬಲ್ಲುದು ಎಂಬುದೆರಡನ್ನೂ ಅವನು ಬಲ್ಲ.

ನಮ್ಮ ಆಲಂಕಾರಿಕರ ಪರಿಭಾಷೆಯಲ್ಲಿ ಹೇಳುವುದಾದರೆ ವಿವಾದ ಇಷ್ಟೆ. ಧ್ವನಿಯಲ್ಲಿ ಆನಂದವರ್ಧನ ಎರಡು ಮುಖ್ಯ ಪ್ರಭೇದಗಳನ್ನು ಹೇಳಿರುವನು: ವಾಚ್ಯಾರ್ಥವು ವಿವಕ್ಷಿತವಲ್ಲದೆ, ಒಮ್ಮೊಮ್ಮೆ ಸಂಪೂರ್ಣವಾಗಿ ತಿರಸ್ಕೃತವೇ ಆಗಿ, ವ್ಯಂಗ್ಯಕ್ಕೆ ಎಡೆಕೊಡುವುದು ಒಂದು, ವಾಚ್ಯಾರ್ಥವೂ ವಿವಕ್ಷಿತವಾಗಿದ್ದು, ತಾನು ನಿಂತ ನೆಲದಲ್ಲಿ ಗಟ್ಟಿಯಾಗಿ ನಿಂತೇ, ಮತ್ತೊಂದು ಅರ್ಥದ ಕಡೆಗೆ ಕೈತೋರುವುದು ಇನ್ನೊಂದು. ಈ ಚಿತ್ರದ ಭಕ್ತರು ಮರಳನ್ನು ಮೊದಲನೆಯ ಬಗೆಯಲ್ಲಿ ಓದುತ್ತಾರೆ. ಅವರಿಗೆ ಅದು ಕಾಲ, ಅದು ಶೂನ್ಯ, ಅದು ಪ್ರಕೃತಿ, ಅದು ಜೀವನ, ಮರಳೊಂದನ್ನುಳಿದು ಮತ್ತೆಲ್ಲವೂ ಹೌದು. ಆದರೆ ಚಿತ್ರದ ಜೀವವಿರುವುದು ಎರಡನೆಯ ಬಗೆಯಲ್ಲಿ. ಮರಳು ಮರಳಾಗಿರುವವರೆಗೆ, ಅಳೆದು ಸುರಿದು ಹೊತ್ತು ಮಾರುವ ವಸ್ತುವಾಗಿರುವವರೆಗೆ, ಅದು ಸೂಚಿಸುವ ಅರ್ಥಗಳಿಗೆ ಕೊನೆಯಿಲ್ಲ. ಅದು ‘ಮಾನವನ ಸ್ಥಿತಿ’ಯ ಚಿಹ್ನೆಯಾದೊಡನೆಯೇ ಅರ್ಥ ಒಂದೇ ಆಗಿ, ಅದೂ ನಮಗೆ ಮೊದಲೇ ಗೊತ್ತಿದ್ದದ್ದಾಗಿ, ಚಿತ್ರ ಬರಿಯ ಉದಾಹರಣೆಯ ಮಟ್ಟಕ್ಕೆ ಇಳಿಯುತ್ತದೆ.

ಗುಣಗಳನ್ನು ಹೇಳದೆ ಮುಂದುವರಿದರೆ ಅನ್ಯಾಯವಾದೀತು, ಆದುದರಿಂದ ಹೇಳಿಬಿಡುತ್ತೇನೆ. ಮೊಹರುಗಳೂ ಬೆರಳಚ್ಚುಗಳೂ ತುಂಬಿದ ಶೀರ್ಷಿಕೆಗಳು ಮುಗಿದೊಡನೆ ತೆರೆಯ ಮೇಲೆ ಬಂಡೆಯಂತೆ ತೋರುವುದು ಒಂದೇ ಒಂದು ಮರಳ ಕಣ. ಕಾದಂಬರಿಯ ಲೆಕ್ಕದಲ್ಲಿ ಒಂದು ಮಿಲಿಮೀಟರಿನ ಎಂಟನೆಯ ಒಂದು ಭಾಗದಷ್ಟಿರುವ ಆ ಕಣವನ್ನು ಬಂಡೆಯಾಗಿ ಕಾಣಿಸಿ, ಮುಂದೆ ಇಡೀ ದಿಣ್ಣೆಗಳನ್ನೇ ನೀರಿನಂತೆ ಹರಿಯಿಸುವ ಸೆಗಾವನ ಕೌಶಲಕ್ಕೆ ಸಾಟಿ ಕಡಿಮೆ. ಊಟದ ವೇಳೆಗೆ ಮಾಡಿನಿಂದ ಉದುರುವ ಮರಳು ಅನ್ನದೊಳಗೆ ಬೀಳದಂತೆ ಹೆಂಗಸು ತಟ್ಟೆಯ ಮೇಲೆ ಕೊಡೆಯೊಂದನ್ನು ತೂಗುಹಾಕುತ್ತಾಳೆ; ಬೆಳಗಿನ ಜಾವ ಕೆಲಸ ಮುಗಿಸಿ, ಮುಖಕ್ಕೊಂದು ಬಟ್ಟೆ ಮುಚ್ಚಿ, ಮೈಮೇಲೆ ಬಟ್ಟೆಯಿಲ್ಲದೆ ನಿದ್ದೆಹೋಗುತ್ತಾಳೆ, ಅವಳ ಚರ್ಮದ ಮೇಲೆ ಮರಳು ತೆಳುವಾಗಿ ಹರಡಿ ಮತ್ತೊಂದು ಚರ್ಮವಾಗಿದೆ. ಇಂಥ ಕಡೆ ಯಾವ ವ್ಯಾಖ್ಯಾನವೂ ಬೇಡ. ಕೊಡೆ ಕೊಡೆಯೇ, ಆ ಬದುಕಿನ ಅನುಭವವೆಲ್ಲ ಅದರಲ್ಲಿದೆ. ತಾಕೆಮಿತ್ಸುವಿನ ತಂತಿವಾದ್ಯಗಳು ಸ್ವರದಿಂದ ಸ್ವರಕ್ಕೆ ಜಾರುವ ರೀತಿ ಕಿವಿಯೊಳಗೂ ಮರಳು ಸುರಿದಂತೆ ಮಾಡುತ್ತದೆ. ಇಷ್ಟನ್ನೂ ನಾನು ಮನಃಪೂರ್ವಕವಾಗಿ ಒಪ್ಪುತ್ತೇನೆ.

ಒಪ್ಪಿದಮೇಲೆ ಒಂದು ಸಂದೇಹ. ಒಣಮರಳು ತನ್ನ ಸ್ವಭಾವಕ್ಕೆ ತಾನು ನಿಂತರೆ ಮೂವತ್ತು ಮೂವತ್ತೈದು ಡಿಗ್ರಿಗಳಿಗಿಂತ ಕಡಿದಾಗಿ ನಿಲ್ಲುವುದಿಲ್ಲ. ಚಿತ್ರದ ಗುಂಡಿಯ ಗೋಡೆಗಳಾದರೋ ಕೋಟೆಯ ಗೋಡೆಗಳಂತೆ ನೆಟ್ಟಗೆ ನಿಂತಿವೆ. ಶಿಜುವೊಕಾ ಪ್ರಾಂತದ ಹಮಾವೊಕಾದ ದಿಣ್ಣೆಗಳಲ್ಲಿ ಚಿತ್ರೀಕರಣ ನಡೆಯಿತು. ಅಲ್ಲಿಯ ಮರಳೂ ಇದೇ ನಿಯಮಕ್ಕೆ ಬದ್ಧವಾದದ್ದೆ. ಭೌತಶಾಸ್ತ್ರದ ಈ ತಪ್ಪನ್ನು ಎತ್ತಿ ಆಡುವುದು ಸಣ್ಣತನವೆಂದು ಓದುಗರಿಗೆ ತೋರಬಹುದು, ಕಾವ್ಯಕ್ಕೆ ಅಷ್ಟು ಸ್ವಾತಂತ್ರ್ಯ ಬೇಡವೇ ಎಂದು ಕೇಳಬಹುದು. ಬೇಕು. ಆದರೆ ಪ್ರಕೃತಿಯ ಅನಿವಾರ್ಯತೆಯನ್ನು ಕುರಿತು ಮಾತನಾಡುವ ಕೃತಿಯಲ್ಲಿ ಪ್ರಕೃತಿಯು ಕಲಾವಿದನ ಆಜ್ಞೆಯಂತೆ ನಿಂತಿದೆ ಎಂಬುದು ಗಮನಿಸತಕ್ಕ ವಿಷಯ. ತೆಶಿಗಹಾರನ ತಂದೆ ಸೋಫು ಪುಷ್ಪವಿನ್ಯಾಸದ ಸೊಗೆತ್ಸು ಪಂಥವನ್ನು 1927ರಲ್ಲಿ ಸ್ಥಾಪಿಸಿದವನು. ಹೂವಿನ ಜೊತೆಗೆ ಕಲ್ಲು ಕಬ್ಬಿಣಗಳನ್ನೂ ವಿನ್ಯಾಸಕ್ಕೆ ತಂದವನು. 1980ರಲ್ಲಿ ಆ ಪೀಠ ಮಗನಿಗೇ ಬಂತು. ಈ ಪರಂಪರೆಯಲ್ಲಿ ಬೆಳೆದವನ ಕಣ್ಣು ಪ್ರಕೃತಿಯನ್ನು ನೋಡುವ ಬಗೆ, ಅದರಿಂದ ಎಷ್ಟನ್ನು ಕತ್ತರಿಸಿ ತೆಗೆಯಬೇಕು, ಉಳಿದದ್ದನ್ನು ಯಾವ ಓರೆಯಲ್ಲಿ ನಿಲ್ಲಿಸಬೇಕು ಎಂಬುದು. ದಿಣ್ಣೆಗಳ ದೀರ್ಘ ನೋಟಗಳಲ್ಲಿ ನನಗೆ ಕಾಣುವುದು ಆ ವಿನ್ಯಾಸವೇ: ಬಲು ಸುಂದರ, ಬಲು ಶುಚಿ, ಎಲ್ಲಿಯೂ ಒಂದು ಕಸವಿಲ್ಲ. ಪ್ರಕೃತಿಯೊಡನೆ ಹೋರಾಟವೆಂದರೆ ಏನೆಂದು ತೋರಿಸುವುದರಲ್ಲಿ ಕನೆತೊ ಷಿಂದೊ 1960ರಲ್ಲಿ ತೆಗೆದ ಮಾತಿಲ್ಲದ ‘ನಗ್ನದ್ವೀಪ’ ಇದಕ್ಕಿಂತ ಪ್ರಾಮಾಣಿಕ. ಅಲ್ಲಿ ಹೆಗಲ ಮೇಲಿನ ಅಡ್ಡೆಯಲ್ಲಿ ತೂಗುವ ನೀರಿನ ಬಕೆಟ್ಟು ಮೊದಲಿಂದ ಕೊನೆಯವರೆಗೆ ನೀರಿನ ಬಕೆಟ್ಟಾಗಿಯೇ ಇರುತ್ತದೆ.

ಇನ್ನು ಹೆಂಗಸಿನ ವಿಚಾರ. ಚಿತ್ರಕ್ಕೆ ಹೆಸರು ಅವಳದು; ವಿಮರ್ಶೆ ಮಾತ್ರ ಮಾಸ್ತರನದು. ಅವಳನ್ನು ಕುರಿತು ಬರೆದವರಲ್ಲಿ ಬಹುಮಂದಿ ಅವಳನ್ನು ಪ್ರಕೃತಿ ಎಂದಿದ್ದಾರೆ, ಮಣ್ಣು ಎಂದಿದ್ದಾರೆ, ಆದಿಮಾತೃ ಎಂದಿದ್ದಾರೆ, ಬಲೆಯ ನಡುವಿನ ಜೇಡ ಎಂದವರೂ ಇಲ್ಲದಿಲ್ಲ. ಪುರುಷನು ವಿಚಾರ, ಸ್ತ್ರೀಯು ಪ್ರಕೃತಿ. ಸಾಂಖ್ಯರಾದರೂ ಈ ವಿಭಾಗವನ್ನು ತತ್ತ್ವಕ್ಕಾಗಿ ಮಾಡಿದರು, ಚಿತ್ರವಿಮರ್ಶಕರು ಸೋಮಾರಿತನಕ್ಕಾಗಿ ಮಾಡುತ್ತಾರೆ! ಚಿತ್ರದಲ್ಲಿ ನಾವು ಕಾಣುವ ಹೆಂಗಸಾದರೋ ಗಂಡನನ್ನೂ ಮಗಳನ್ನೂ ಮರಳಿಗೆ ಕೊಟ್ಟವಳು. ಅವರ ಎಲುಬುಗಳು ಇಲ್ಲಿ ಹೂತಿವೆಯೆಂಬ ಕಾರಣದಿಂದ ಬಿಟ್ಟುಹೋಗಲಾರದವಳು. ಮಣಿಗಳನ್ನು ಪೋಣಿಸಿ ಕಾಸು ಕೂಡಿಸಿ ಒಂದು ರೇಡಿಯೊ ಕೊಳ್ಳಬೇಕೆಂದು ಆಸೆಪಟ್ಟವಳು. ಪ್ರಕೃತಿಗೆ ರೇಡಿಯೊ ಏಕೆ? ಬದುಕುವುದಕ್ಕಾಗಿ ಮರಳು ತೋಡುತ್ತೀಯೋ ಮರಳು ತೋಡುವುದಕ್ಕಾಗಿ ಬದುಕುತ್ತೀಯೋ ಎಂದು ಮಾಸ್ತರ ಅವಳನ್ನು ಕೇಳುತ್ತಾನೆ, ಎಲ್ಲರೂ ಆ ಪ್ರಶ್ನೆಯನ್ನು ಉದ್ಧರಿಸುತ್ತಾರೆ, ಅದು ಚುರುಕಾದ ಪ್ರಶ್ನೆಯೇ ಹೌದು. ಆದರೆ ಮರಳಿಲ್ಲದಿದ್ದರೆ ತನ್ನನ್ನು ಯಾರೂ ಲಕ್ಷಿಸುತ್ತಿರಲಿಲ್ಲವೆಂದು ಅವಳಾಡುವ ಮಾತಿನ ಮುಂದೆ ಅದು ಶಾಲೆಯ ಕರಿಹಲಗೆಯ ಮೇಲಿನ ಪ್ರಶ್ನೆ. ಅವಳು ತನ್ನ ಬೆಲೆಯನ್ನು ಬಲ್ಲಳು. ಆ ಬೆಲೆಯನ್ನು ಕಟ್ಟುವವರು ಮೇಲೆ ನಿಂತಿದ್ದಾರೆಂಬುದನ್ನೂ ಬಲ್ಲಳು. ಬಿಕರಿಯಾಗುವ ಮರಳು ತನ್ನ ಕೈಯಿಂದ ಹೋಗುತ್ತಿರುವವರೆಗೆ ತಾನು ಆ ಊರಿನ ಸದಸ್ಯೆ, ಅದು ನಿಂತ ದಿನ ಅನಾಥೆ. ಕಿಷಿದಳ ಅಭಿನಯದಲ್ಲಿ ಈ ತಿಳಿವಳಿಕೆ ಕಣ್ಣಂಚಿನಲ್ಲಿ ಯಾವಾಗಲೂ ಇದೆ. ನಗುವಾಗಲೂ ಅವಳು ಮೇಲಕ್ಕೊಮ್ಮೆ ಕಿವಿಗೊಟ್ಟಿರುತ್ತಾಳೆ.

ಮೇಲೆ ನಿಂತವರು ಒಂದೇ ಒಂದು ಸಲ ತಮ್ಮ ನಿಜರೂಪದಲ್ಲಿ ಕಾಣಿಸಿಕೊಳ್ಳುತ್ತಾರೆ. ದಿನಕ್ಕೊಮ್ಮೆ ಕಡಲನ್ನು ನೋಡಿಬರಲು ಅವಕಾಶ ಕೊಡಿರೆಂದು ಮಾಸ್ತರ ಬೇಡಿದಾಗ, ಹೆಂಗಸಿನೊಡನೆ ನಮ್ಮೆಲ್ಲರ ಕಣ್ಣೆದುರಿಗೆ ಕೂಡಿದರೆ ಕೊಡುತ್ತೇವೆಂದು ಅವರು ಉತ್ತರ ಹೇಳುತ್ತಾರೆ. ರಾತ್ರಿ, ಗುಂಡಿಯ ಅಂಚಿನ ಸುತ್ತ ಮುಖವಾಡ ತೊಟ್ಟವರು, ಕೆಳಕ್ಕೆ ಬಿಟ್ಟ ದೀಪದ ಬೆಳಕು, ಬಡಿಯುವ ಡೋಲುಗಳು. ಮಾಸ್ತರ ಕೆಲವು ಕ್ಷಣ ನಾಚಿ, ಅನಂತರ ನಾಚಿಕೆಯನ್ನು ವಿಚಾರದಿಂದ ಗೆದ್ದು, ಹೆಂಗಸನ್ನು ಹಿಡಿದೆಳೆಯುತ್ತಾನೆ. ಅವಳು ಹೊಡೆದು ಗುದ್ದಿ ಅವನನ್ನು ಬೀಳಿಸುತ್ತಾಳೆ. ಈ ಭಾಗವನ್ನು ಮೆಚ್ಚುವವರು ಇದರಲ್ಲಿ ಆದಿಮ ಆಚರಣೆಯನ್ನೂ, ಫಲಶಕ್ತಿಯ ಪೂಜೆಯನ್ನೂ, ನೋ ನಾಟಕದ ಛಾಯೆಯನ್ನೂ ಕಾಣುತ್ತಾರೆ. ನಾನು ಕಾಣುವುದು ನಿರ್ದೇಶಕನ ಹಿಂಜರಿಕೆಯನ್ನು. ಈ ಜನ ಮುಖವಾಡ ತೊಡುವ ಆವಶ್ಯಕತೆಯೇ ಇರಲಿಲ್ಲ. ಹಗಲು ನೀರು ಇಳಿಸುವಾಗ ಕಂಡ ಅದೇ ಸಾಧಾರಣ ಮುಖಗಳು, ಅದೇ ಪರಿಚಿತ ನಗುವಿನೊಡನೆ ಅಂಚಿನಲ್ಲಿ ಕುಳಿತು ನೋಡಿದ್ದರೆ ದೃಶ್ಯದ ಭೀಕರತೆ ನೂರ್ಮಡಿಯಾಗುತ್ತಿತ್ತು. ಪ್ರೇಕ್ಷಕನಿಗೆ ತಪ್ಪಿಸಿಕೊಳ್ಳಲು ದಾರಿ ಇರುತ್ತಿರಲಿಲ್ಲ. ಮುಖವಾಡ ಬಂದೊಡನೆ ಊರು ಪುರಾಣವಾಗುತ್ತದೆ, ಪುರಾಣದ ಮೇಲೆ ಯಾರೂ ಮೊಕದ್ದಮೆ ಹೂಡುವುದಿಲ್ಲ. ಆ ಗುಂಪಿನೆದುರು ಇಲ್ಲವೆಂದವಳು ಒಬ್ಬಳೇ, ಹೆಂಗಸು. ಇಡೀ ಚಿತ್ರದಲ್ಲಿ ಸ್ವಾತಂತ್ರ್ಯವೆಂಬ ಹೆಸರಿಗೆ ಯೋಗ್ಯವಾದ ಕ್ರಿಯೆಯೊಂದಿದ್ದರೆ ಅದು ಆ ನಿರಾಕರಣೆ. ಅದನ್ನು ಬಿಟ್ಟು ವಿಮರ್ಶಕರು ಸ್ವಾತಂತ್ರ್ಯವನ್ನು ಕಡೆಯ ಹತ್ತು ನಿಮಿಷಗಳಲ್ಲಿ ಹುಡುಕಿದ್ದಾರೆ.

ಆ ಹತ್ತು ನಿಮಿಷಗಳನ್ನು ನೋಡೋಣ. ಕಾಗೆ ಹಿಡಿಯಲು ಮಾಸ್ತರ ಮರಳಿನಲ್ಲಿ ಹೂತಿಟ್ಟ ಪಾತ್ರೆಯಲ್ಲಿ ಕಾಗೆ ಬೀಳುವುದಿಲ್ಲ. ಒಂದು ದಿನ ನೋಡಿದರೆ ತಿಳಿನೀರು. ಮರಳು ಕೆಳಗಿನ ತೇವವನ್ನು ಕೇಶಾಕರ್ಷಣದಿಂದ ಮೇಲಕ್ಕೆ ಸೆಳೆದಿದೆ. ಅವನು ದಿನದಿನವೂ ಅಳೆದು, ಬರೆದಿಟ್ಟು, ಪರಿಷ್ಕರಿಸುತ್ತಾನೆ. ಅಷ್ಟರಲ್ಲಿ ಹೆಂಗಸಿಗೆ ಗರ್ಭಕೋಶದ ಹೊರಗೆ ಗರ್ಭ ನಿಂತು ಪ್ರಾಣಸಂಕಟ. ಊರಿನವರು ಹಾಸಿಗೆಯ ಸಮೇತ ಸುತ್ತಿ ಹಗ್ಗದಿಂದ ಮೇಲೆತ್ತಿ ಒಯ್ಯುತ್ತಾರೆ. ಗಡಿಬಿಡಿಯಲ್ಲಿ ಏಣಿ ಉಳಿದುಬಿಡುತ್ತದೆ. ಮಾಸ್ತರ ಹತ್ತುತ್ತಾನೆ, ಕಡಲನ್ನು ನೋಡುತ್ತಾನೆ, ಹಿಂದಿರುಗುತ್ತಾನೆ. ನೀರಿನ ಈ ಉಪಾಯವನ್ನು ಯಾರಿಗಾದರೂ ಹೇಳಬೇಕು, ಈ ಊರಿನವರಿಗಿಂತ ತಕ್ಕ ಕೇಳುಗರು ಮತ್ತಾರು, ಓಡಿಹೋಗುವ ಆಲೋಚನೆ ಆಮೇಲೆ ಮಾಡಿದರಾಯಿತು ಎಂದು ಅವನ ಅಂತರಂಗ. ಇದನ್ನೇ ನಮ್ಮ ವಿಮರ್ಶಕರು ಬಂಧನದೊಳಗಣ ಮುಕ್ತಿ ಎನ್ನುವುದು. ಜಪಾನಿನ ವಿಷಯವಾದುದರಿಂದ ಕೆಲವರು ಝೆನ್ ಧರ್ಮವನ್ನೂ ಸ್ವಲ್ಪ ಚಿಮುಕಿಸುತ್ತಾರೆ.

ಚಿತ್ರ ತಾನೇ ಕಟ್ಟಿದ ಲೆಕ್ಕದ ಪ್ರಕಾರ ನೋಡಿದರೆ ಈ ಮುಕ್ತಿಯ ಅರ್ಥವೇನು? ಊರಿನವರು ಮಾಸ್ತರನನ್ನು ಮಣಿಸಿದ್ದು ಯಾವುದರಿಂದ? ಏಣಿಯಿಂದಲ್ಲ, ನೀರಿನಿಂದ. ಅವನು ತೋಡುವುದಿಲ್ಲವೆಂದು ಹಟಹಿಡಿದಾಗ ಅವರು ನೀರು ನಿಲ್ಲಿಸಿದರು. ಬಾಯಾರಿದವನು ಗುದ್ದಲಿ ಹಿಡಿದ. ಎಂದಮೇಲೆ ಪಾತ್ರೆಯಲ್ಲಿ ನಿಂತ ಆ ನೀರು ಅವನ ಕೈಗೆ ಬಂದ ಏಕೈಕ ಆಯುಧ. ಅದನ್ನು ಗುಟ್ಟಾಗಿಟ್ಟುಕೊಂಡರೆ ಅವನೂ ಹೆಂಗಸೂ ಮೊದಲ ಬಾರಿಗೆ ಕೆಲಸ ನಿಲ್ಲಿಸಬಲ್ಲರು, ಕೂಲಿಯ ಮಾತನಾಡಬಲ್ಲರು, ನೆರೆಗುಂಡಿಗಳವರಿಗೂ ಕಲಿಸಬಲ್ಲರು. ಮಾಸ್ತರ ಮಾಡಬೇಕೆಂದುಕೊಳ್ಳುವುದೇನು? ಆ ಆಯುಧವನ್ನು ಒಡೆಯರ ಕೈಗೇ ಹೋಗಿ ಕೊಡುವುದು, ಅದೂ ಒಂದು ಶಭಾಷ್‌ಗಿರಿಗಾಗಿ! ಕೀಟವೊಂದಕ್ಕೆ ತನ್ನ ಹೆಸರಿಟ್ಟು ಕೀಟಕೋಶದಲ್ಲಿ ಸೇರಬೇಕೆಂದು ಹೊರಟಿದ್ದ ಮನುಷ್ಯನ ಸ್ವಭಾವಕ್ಕೆ ಇದು ಪೂರ್ತಿ ಹೊಂದುತ್ತದೆ, ಪಾತ್ರರಚನೆಯಾಗಿ ಇದು ತೀಕ್ಷ್ಣವಾದ ಕಲ್ಪನೆ. ಆದರೆ ಚಿತ್ರ ಇದನ್ನು ವ್ಯಂಗ್ಯವಾಗಿ ಕೊಡುತ್ತದೆಯೋ ಉಪದೇಶವಾಗಿ ಕೊಡುತ್ತದೆಯೋ ಎಂದು ಕೇಳಿದರೆ ಉತ್ತರ ದೊರೆಯುವುದಿಲ್ಲ; ಕಡಲು, ಗಾಳಿ, ಆಕಾಶಗಳ ಆ ಪ್ರಶಾಂತವಾದ ಚಿತ್ರಣ ಉಪದೇಶದ ಕಡೆಗೇ ವಾಲುತ್ತದೆ. ಅದೇ ಹೊತ್ತಿಗೆ ಹಾಸಿಗೆಯಲ್ಲಿ ಸುತ್ತಿ ಒಯ್ದ ಹೆಂಗಸು ಉಳಿದಳೋ ಸತ್ತಳೋ ನಮಗೆ ತಿಳಿಯದು. ಕ್ಯಾಮೆರಾ ಅವಳ ಹಿಂದೆ ಒಂದು ಹೆಜ್ಜೆಯನ್ನೂ ಇಡಲಿಲ್ಲ. ಮಾಸ್ತರನ ಆತ್ಮೋದಯಕ್ಕೆ ಏಣಿ ಬೇಕಾಗಿತ್ತು, ಏಣಿ ಬರುವುದಕ್ಕೆ ಅವಳ ಗರ್ಭ ಕೆಡಬೇಕಾಗಿತ್ತು. ಕೆಲಸವಾಯಿತು, ಅವಳನ್ನು ತೆರೆಯಿಂದ ಕಳುಹಿಸಿದ್ದಾಯಿತು. ಔಚಿತ್ಯವನ್ನೇ ಕಾವ್ಯದ ಪ್ರಾಣವೆಂದ ಕ್ಷೇಮೇಂದ್ರನಿಗೆ ಈ ಉಪಾಯ ಹಿಡಿಸುತ್ತಿತ್ತೆಂದು ನನಗೆ ತೋರುವುದಿಲ್ಲ.

ಕಟ್ಟಕಡೆಯಲ್ಲಿ ತೆರೆಯ ಮೇಲೆ ಒಂದು ಕಾಗದ ಬರುತ್ತದೆ: ನಿಕಿ ಜುಂಪೇಯ್ ಎಂಬವನು, ಎಂದರೆ ನಮ್ಮ ಮಾಸ್ತರ, ಏಳು ವರ್ಷಗಳಿಂದ ಕಾಣೆಯಾಗಿರುವನೆಂಬ ನ್ಯಾಯಾಲಯದ ಘೋಷಣೆ. ಈ ಒಂದು ಕಾಗದಕ್ಕಾಗಿ ನಾನು ಆ ಹತ್ತು ನಿಮಿಷಗಳನ್ನು ಅರ್ಧದಷ್ಟು ಕ್ಷಮಿಸಬಲ್ಲೆ. ಆರಂಭದಲ್ಲಿ ದಿಣ್ಣೆಯ ಹಳೆಯ ದೋಣಿಯೊಂದರಲ್ಲಿ ಮಲಗಿ ಮಾಸ್ತರ ನೆನೆಸಿಕೊಂಡಿದ್ದುದು ಇಂಥ ಕಾಗದಗಳನ್ನೇ, ಕರಾರು, ಪರವಾನಗಿ, ಗುರುತಿನ ಚೀಟಿ, ಅರ್ಜಿ, ರಸೀದಿಗಳನ್ನು. ಪಟ್ಟಣ ತನ್ನ ಮನುಷ್ಯನನ್ನು ಕಾಗದದ ಮೇಲೆ ಹೊಂದಿತ್ತು, ಕಾಗದದ ಮೇಲೆಯೇ ಕಳೆದುಕೊಂಡಿತು. ಗುಂಡಿಯಲ್ಲಿ ಅವನ ಶ್ರಮ ಯಾವ ಕಾಗದಕ್ಕೂ ಬೀಳದೆ, ಕಾನೂನಿನ ಕಣ್ಣಿಗೆ ಕಾಣದ ಉಪ್ಪು ಮರಳಾಗಿ, ಅದೇ ಪಟ್ಟಣದ ಗೋಡೆಗಳೊಳಗೆ ಸೇರುತ್ತಿತ್ತು. ಚಿತ್ರದ ಎರಡು ತುದಿಗಳನ್ನು ಹೀಗೆ ಜೋಡಿಸಿ ಓದಿದಾಗ ದೊಡ್ಡದೊಂದು ಸಾಮಾಜಿಕ ವಿಡಂಬನೆ ತಲೆಯೆತ್ತುತ್ತದೆ. ನಡುವೆ ಬಂದು ಅದನ್ನು ಮುಚ್ಚಿದ್ದು ಮರಳಲ್ಲ, ತತ್ತ್ವ.

ಇದಕ್ಕೆ ತೆಶಿಗಹಾರನೊಬ್ಬನೇ ಹೊಣೆಯೆನ್ನಲಾರೆ. ಕಾನ್‌ಗೆ ಕಳುಹಿಸುವಾಗ ಅವನು ಚಿತ್ರದಿಂದ ಇಪ್ಪತ್ತು ನಿಮಿಷಗಳಿಗೂ ಹೆಚ್ಚಿನ ಭಾಗವನ್ನು ಕತ್ತರಿಸಿದ. ಹೊರನಾಡಿನ ಮೊದಲ ಪ್ರಶಂಸಕರು ಕಂಡದ್ದು ಆ ಮೊಟಕಾದ ರೂಪ. ಮನುಷ್ಯ, ಮರಳು, ಶೂನ್ಯ ಎಂಬ ಮೂರೇ ಮಾತುಗಳ ಸಾರಾಂಶಕ್ಕೆ ಅದು ಹೆಚ್ಚು ಒಗ್ಗಿದ್ದರೆ ಆಶ್ಚರ್ಯವಿಲ್ಲ. ಪೂರ್ಣರೂಪವನ್ನು ನೋಡಿದವರೂ ಆ ಮೊದಲ ಪ್ರಶಂಸೆಯ ದಾರಿಯನ್ನೇ ಹಿಡಿದರೆಂಬುದು ನಮ್ಮ ವಿಮರ್ಶೆಯ ಸ್ವಭಾವಕ್ಕೆ ಸೇರಿದ ಮಾತು.

ಇದೇ ಮೂವರು, ತೆಶಿಗಹಾರ, ಅಬೆ, ತಾಕೆಮಿತ್ಸು, ಇದಕ್ಕೆ ಎರಡು ವರ್ಷ ಮೊದಲು, 1962ರಲ್ಲಿ, ‘ಒತೊಷಿಯಾನ’ ಎಂಬ ಚಿತ್ರವನ್ನು ಮಾಡಿದರು. ಅದೂ ಒಂದು ಬಲೆಗುಂಡಿಯ ಕಥೆಯೇ. ಕೆಲಸ ಹುಡುಕುತ್ತ ಮಗನ ಕೈಹಿಡಿದು ಅಲೆಯುವ ಗಣಿಕೂಲಿಯೊಬ್ಬನನ್ನು ಬಿಳಿಯ ಉಡುಪಿನ ಅಪರಿಚಿತನೊಬ್ಬ ಪಾಳುಬಿದ್ದ ಗಣಿಯೂರಿನಲ್ಲಿ ಕೊಲ್ಲುತ್ತಾನೆ. ಸತ್ತವನು ಪ್ರೇತವಾಗಿ, ತನ್ನನ್ನು ಏಕೆ ಕೊಂದರೆಂದು ಕೇಳುತ್ತ ತಿರುಗುತ್ತಾನೆ. ಅವನ ಮುಖ ಒಂದು ಕಾರ್ಮಿಕ ಸಂಘದ ಮುಖಂಡನ ಮುಖದಂತೆಯೇ ಇತ್ತೆಂಬುದು ಬಯಲಾಗುತ್ತದೆ. ಎರಡು ಸಂಘಗಳು ಪರಸ್ಪರ ಸಂದೇಹದಿಂದ ನಾಶವಾಗುತ್ತವೆ. ಮಿಯಿಕೆ ಗಣಿಗಳ ದೊಡ್ಡ ಮುಷ್ಕರ ನಡೆದು ಎರಡೇ ವರ್ಷ ಕಳೆದಿದ್ದ ಕಾಲದ ಕೃತಿ ಅದು. ಅಲ್ಲಿ ಪ್ರೇತವಿದೆ, ಆದರೆ ಕೂಲಿಯ ದರವೂ ಇದೆ. ರೂಪಕವಿದೆ, ಆದರೆ ಅದು ಗಣಿಯ ಮಸಿಯನ್ನು ತೊಳೆದುಕೊಳ್ಳುವುದಿಲ್ಲ. ಹೊಲಿಗೆ ಒರಟು, ಛಾಯಾಗ್ರಹಣ ಇಷ್ಟು ನಯವಲ್ಲ, ಪ್ರಶಸ್ತಿಗಳ ಪಟ್ಟಿ ಚಿಕ್ಕದು. ಕೃತಿಯಾಗಿ ಅದು ‘ಸುನಾ ನೊ ಒನ್ನಾ’ಕ್ಕಿಂತ ಮೇಲಿನದೆಂಬುದು ನನ್ನ ಅಭಿಪ್ರಾಯ. ಮರಳಿನ ಚಿತ್ರವನ್ನು ಮತ್ತೆ ಮತ್ತೆ ತರಿಸಿ ತೋರಿಸುವ ನಮ್ಮ ಚಿತ್ರಸಮಾಜಗಳವರು ಮುಂದಿನ ಸಲ ಮೊದಲ ದಿನ ‘ಒತೊಷಿಯಾನ’ವನ್ನೂ ಮರುದಿನ ಇದರ ಪೂರ್ಣರೂಪವನ್ನೂ ತೋರಿಸಲಿ, ನೋಡುವವರು ಉಪ್ಪು ಮರಳಿನ ಆ ಚಿಕ್ಕ ಸಂಭಾಷಣೆ ಬಂದಾಗ ದಯವಿಟ್ಟು ಪಕ್ಕದವರೊಡನೆ ಕಾಮೂವಿನ ಮಾತು ತೆಗೆಯದೆ ಕೇಳಿಸಿಕೊಳ್ಳಲಿ.